ತಡವಾದ ತಿಂಗಳು

ನಮ್ಮ ಹಳ್ಳಿಗಾಡಿನ ಹೆಂಗಸರು ಗರ್ಭ ನಿಂತುದನ್ನು ತಿಳಿಸಲು ‘ನೀರು ನಿಂತಿದೆ’ ಎನ್ನುವುದುಂಟು. ತಿಂಗಳ ಸ್ನಾನ ತಪ್ಪಿತೆಂದು ಅದರ ಅರ್ಥ. ಮಾತು ಸೊಗಸಾಗಿದೆ, ಆದರೆ ಅದರ ಹಿಂದೆ ಅವಸರದ ತೀರ್ಮಾನವೊಂದು ಅಡಗಿದೆ. ಮುಟ್ಟು ತಪ್ಪಿದುದೆಲ್ಲವೂ ಗರ್ಭವಲ್ಲ. ಗರ್ಭ ನಿಂತ ಮೇಲೂ ಒಂದಿಷ್ಟು ರಕ್ತ ಕಾಣಿಸಿಕೊಂಡು, ಮುಟ್ಟಾಯಿತೆಂಬ ಭ್ರಮೆ ಹುಟ್ಟುವುದೂ ಉಂಟು.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಹಳ್ಳಿಯೊಂದರಿಂದ ದಿನವೂ ಬಸ್ಸು ಹಿಡಿದು ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಬಿ.ಎ. ಕೊನೆಯ ವರ್ಷ, ಮದುವೆಯಾಗಿ ಆರು ತಿಂಗಳು. ಓದು ಮುಗಿಯುವವರೆಗೆ ಮಗು ಬೇಡವೆಂದು ಗಂಡಹೆಂಡಿರು ನಿಶ್ಚಯಿಸಿ, ದಿನಗಳನ್ನು ಲೆಕ್ಕ ಹಾಕಿ ನಡೆಯುತ್ತಿದ್ದಾರೆ. ಈಗ ಪರೀಕ್ಷೆ ಹತ್ತಿರ ಬಂದಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ ಕಳೆದು ಹತ್ತು ದಿನಗಳಾಗಿವೆ. ಅತ್ತೆಯ ಮುಖದಲ್ಲಿ ನಗು, ಇವಳ ಕಣ್ಣಿಗೆ ನಿದ್ರೆಯಿಲ್ಲ. ಏನಾಗಿರಬಹುದು?

ಋತುಚಕ್ರದಲ್ಲಿ ಎರಡು ಭಾಗಗಳಿವೆ. ಮುಟ್ಟಿನ ಮೊದಲ ದಿನದಿಂದ ಅಂಡಾಶಯದಲ್ಲಿ ಅಂಡವು ಪಕ್ವವಾಗಿ ಹೊರಬೀಳುವ ತನಕ ಮೊದಲ ಭಾಗ. ಅಲ್ಲಿಂದ ಮುಂದಿನ ಮುಟ್ಟಿನ ತನಕ ಎರಡನೆಯದು. ಎರಡನೆಯ ಭಾಗ ಸಾಮಾನ್ಯವಾಗಿ 14 ದಿನಗಳ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಹಿಗ್ಗುವುದೂ ಕುಗ್ಗುವುದೂ ಹೆಚ್ಚಾಗಿ ಮೊದಲನೆಯದೇ. ಗೊರೂರಿನ ಅಣೆಕಟ್ಟಿನಿಂದ ಬಿಟ್ಟ ಹೇಮಾವತಿಯ ನೀರು ಹೊಳೆನರಸೀಪುರಕ್ಕೆ ತಡವಾಗಿ ಬಂದರೆ, ದಾರಿ ಉದ್ದವಾಯಿತೆಂದು ನಾವು ತಿಳಿಯುವುದಿಲ್ಲ. ಬಾಗಿಲು ತೆರೆದುದೇ ತಡವಾಯಿತೆನ್ನುತ್ತೇವೆ. ಮುಟ್ಟಿನ ವಿಷಯವೂ ಹಾಗೆಯೇ. ಗರ್ಭವಿಲ್ಲದೆ 28ನೆಯ ದಿನಕ್ಕೆ ಬದಲು 38ನೆಯ ದಿನ ಮುಟ್ಟಾದರೆ, ಅಂಡವು 14ನೆಯ ದಿನಕ್ಕೆ ಬದಲು ಸುಮಾರು 24ನೆಯ ದಿನ ಹೊರಬಿದ್ದಿತ್ತೆಂದು ಅರ್ಥ.

ಈ ಬಾಗಿಲಿನ ಕೀಲಿಕೈ ಮಿದುಳಿನಲ್ಲಿದೆ. ಪರೀಕ್ಷೆಯ ಆತಂಕ, ಜ್ವರ, ಊಟ ಬಿಟ್ಟು ತೂಕ ಇಳಿಸುವುದು, ಥೈರಾಯ್ಡ್ ಗ್ರಂಥಿಯ ದೋಷ, ಇವೆಲ್ಲವೂ ಅಂಡದ ಬಿಡುಗಡೆಯನ್ನು ಮುಂದೂಡಬಲ್ಲವು. ವಯಸ್ಕರಲ್ಲಿ 21ರಿಂದ 35 ದಿನಗಳ ಚಕ್ರ ಸಹಜ. ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ 45 ದಿನಗಳವರೆಗೂ ಹೋಗಬಹುದು. ಪ್ರೌಢಶಾಲೆಯ ವಾಚಕಿಯರು ಇದಕ್ಕಾಗಿ ಗಾಬರಿಪಡಬೇಕಾಗಿಲ್ಲ. ಸಂಭೋಗವಿಲ್ಲದೆ, ಒಂದೇ ಕೊಳದಲ್ಲಿ ಮಿಂದುದರಿಂದಾಗಲಿ ಇನ್ನೊಬ್ಬರ ಟವೆಲು ಬಳಸಿದುದರಿಂದಾಗಲಿ ಗರ್ಭ ನಿಲ್ಲುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು.

ಹೊರಬಿದ್ದ ಅಂಡದ ಆಯುಸ್ಸು ಒಂದು ದಿನವನ್ನು ಮೀರದು. ವೀರ್ಯಾಣುಗಳಾದರೋ ಸ್ತ್ರೀಯ ದೇಹದಲ್ಲಿ ಐದು ದಿನಗಳವರೆಗೂ ಜೀವಿಸಬಲ್ಲವು. ಆದುದರಿಂದ ಚಕ್ರವೊಂದರಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು ಮಾತ್ರ. ಆ ದಿನಗಳಲ್ಲಿಯೂ ಒಂದು ಸಂಭೋಗದಿಂದ ಗರ್ಭ ನಿಲ್ಲುವ ಸಂಭವ ನೂರಕ್ಕೆ 10ರಿಂದ 30ರಷ್ಟು. ತೊಡಕಿರುವುದು ಆ ಆರು ದಿನಗಳು ಯಾವುವೆಂದು ಮೊದಲೇ ಹೇಳುವುದರಲ್ಲಿ.

ಈ ತೊಡಕನ್ನು ನಮ್ಮ ನಾಡು ಬಹಳ ಹಿಂದೆಯೇ ಕಂಡಿದೆ. 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದ ಕೀರ್ತಿ ಮೈಸೂರು ಸಂಸ್ಥಾನದ್ದು. ಮುಂದೆ 1952ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ರಾಮನಗರದಲ್ಲಿಯೂ ದೆಹಲಿಯ ಲೋದಿ ಕಾಲೊನಿಯಲ್ಲಿಯೂ ‘ಸುರಕ್ಷಿತ ದಿನ’ಗಳ ಪ್ರಯೋಗ ನಡೆಯಿತು. ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರು ಹೆಂಗಸರಿಗೆ ಮಣಿಸರವೊಂದನ್ನು ರೂಪಿಸಿದರು. ಒಂದು ಬಣ್ಣದ ಮಣಿ ಸುರಕ್ಷಿತ ದಿನಕ್ಕೆ, ಇನ್ನೊಂದು ಅಪಾಯದ ದಿನಕ್ಕೆ. ದಿನಕ್ಕೊಂದು ಮಣಿ ಸರಿಸಬೇಕು. ಲೆಕ್ಕ ಸುಲಭವೆಂದು ತೋರಿತು. ಆದರೆ ಕತ್ತಲಲ್ಲಿ ಬಣ್ಣ ಕಾಣದು. ಮಣಿ ಸರಿಸುವುದು ಮರೆತುಹೋಗುವುದು. ಸರವೇ ಗರ್ಭವನ್ನು ತಡೆಯುವ ತಾಯಿತವೆಂದು ಕೆಲವರು ನಂಬಿದರೆಂದೂ ಹೇಳುವುದುಂಟು. ಅವರನ್ನು ಕಂಡು ನಾವು ನಗಬೇಕಾಗಿಲ್ಲ. ಮೊಬೈಲ್ ಫೋನಿನ ಪರದೆ ಹಸಿರು ತೋರಿಸಿತೆಂದು ನಂಬುವವರೂ ಆ ಮಣಿಯನ್ನೇ ನಂಬಿದ್ದಾರೆ. ಮಣಿಯಾಗಲಿ ಕ್ಯಾಲೆಂಡರಾಗಲಿ ಕಳೆದ ತಿಂಗಳುಗಳನ್ನು ಬಲ್ಲದು. ಈ ತಿಂಗಳು ಜ್ವರ ಬಂದುದನ್ನು ಅರಿಯದು.

ನಮ್ಮ ವಿದ್ಯಾರ್ಥಿನಿಯ ಅಪಾಯವಿರುವುದು ಇಲ್ಲಿಯೇ. ಆತಂಕದಿಂದ ಅಂಡವು 24ನೆಯ ದಿನಕ್ಕೆ ಜಾರಿದ್ದರೆ, ಅವಳು ಸುರಕ್ಷಿತವೆಂದೆಣಿಸಿದ 20ನೆಯ ದಿನವೇ ಗರ್ಭ ನಿಲ್ಲಬಹುದಾದ ದಿನವಾಯಿತು. ಇಷ್ಟೇ ಅಲ್ಲ, 28ನೆಯ ದಿನವೇ ಮೂತ್ರಪರೀಕ್ಷೆ ಮಾಡಿದ್ದರೆ, ಗರ್ಭವಿದ್ದರೂ ‘ಇಲ್ಲ’ವೆಂಬ ಉತ್ತರವೇ ಬರುತ್ತಿತ್ತು. ಪರೀಕ್ಷೆಯು ಹುಡುಕುವುದು ಎಚ್.ಸಿ.ಜಿ. ಎಂಬ ಹಾರ್ಮೋನನ್ನು. ಭ್ರೂಣವು ಗರ್ಭಾಶಯದ ಗೋಡೆಗೆ ಅಂಟಿಕೊಂಡ ಮೇಲೆಯೇ ಅದು ರಕ್ತಕ್ಕೆ ಇಳಿಯುವುದು. ಅಂಡ ಬಿಡುಗಡೆಯಾದ ಮೇಲೆ ಇದಕ್ಕೆ ಬಹುಮಟ್ಟಿಗೆ 8ರಿಂದ 10 ದಿನಗಳು ಬೇಕು. ಒಂದು ಕಾಲದಲ್ಲಿ ಈ ಹಾರ್ಮೋನನ್ನು ಕಂಡುಹಿಡಿಯಲು ಸ್ತ್ರೀಯ ಮೂತ್ರವನ್ನು ಇಲಿಗೋ ಕಪ್ಪೆಗೋ ಚುಚ್ಚಿ ಕಾಯಬೇಕಾಗಿತ್ತು. ಈಗ ಔಷಧಿ ಅಂಗಡಿಯ ಪಟ್ಟಿಯೊಂದು ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ‘ನಿಶ್ಚಯ’ವೆಂಬ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಒದಗಿಸುವ ಏರ್ಪಾಡೂ ಇದೆ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಕೊನೆಯ ಸಂಭೋಗದಿಂದ 21 ದಿನಗಳು ಕಳೆದ ಮೇಲೆ ಬಂದ ‘ಇಲ್ಲ’ ನಂಬಲರ್ಹ.

ಗರ್ಭನಿರೋಧದ ತುರ್ತುಮಾತ್ರೆಯನ್ನು 72 ಗಂಟೆಗಳೊಳಗೆ, ಆದಷ್ಟು ಬೇಗ, ತೆಗೆದುಕೊಳ್ಳುವುದು ಕ್ರಮ. ಅದು ಕೆಲಸ ಮಾಡುವುದೇ ಅಂಡದ ಬಿಡುಗಡೆಯನ್ನು ಮುಂದೂಡಿ. ಹಾಗಾಗಿ ಮುಟ್ಟೂ ಮುಂದೆ ಹೋಗಬಹುದು. ಪಪಾಯಿ, ಎಳ್ಳು, ಕಷಾಯಗಳನ್ನು ನಂಬಿ ವಾರಗಳನ್ನು ಕಳೆಯುವುದು ಮಾತ್ರ ಕೂಡದು. ಅವು ಗರ್ಭವಿದೆಯೇ ಎಂಬುದನ್ನು ಹೇಳಲಾರವು, ಕಳೆದ ವಾರಗಳನ್ನು ಹಿಂದಕ್ಕೆ ತರಲಾರವು.

ನಮ್ಮ ವಿದ್ಯಾರ್ಥಿನಿ ಈ ಹೊತ್ತು ಪರೀಕ್ಷೆ ಮಾಡಿ ನೋಡಲಿ. ಎರಡು ಗೆರೆಗಳು ಮೂಡಿದರೆ ವೈದ್ಯರನ್ನು ಕಾಣಬೇಕು. ಒಂದೇ ಗೆರೆ ಮೂಡಿದರೆ ವಾರದ ಮೇಲೆ ಇನ್ನೊಮ್ಮೆ ನೋಡಬೇಕು. ಮತ್ತೂ ಒಂದೇ ಗೆರೆಯಿದ್ದು, ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಥೈರಾಯ್ಡ್ ಮೊದಲಾದ ಕಾರಣಗಳನ್ನು ವೈದ್ಯರು ಹುಡುಕುವರು. ತಡವಾದ ಮುಟ್ಟಿನೊಡನೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರವಾದ ನೋವು, ರಕ್ತಸ್ರಾವ, ತಲೆಸುತ್ತು ಕಾಣಿಸಿದರೆ, ಭ್ರೂಣವು ಗರ್ಭಾಶಯದ ಹೊರಗೆ, ನಾಳದಲ್ಲಿ, ನೆಲೆಸಿರಬಹುದು. ಆಗ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.