ಕೋಟಿ ಹೆಜ್ಜೆಗಳ ದಾರಿ

ನಾರ್ವೆ ದೇಶದ ಉತ್ತರದಂಚಿನಲ್ಲಿ, ಭೂಮಧ್ಯರೇಖೆಯಿಂದ ೭೧ ಡಿಗ್ರಿಗಳಷ್ಟು ದೂರದಲ್ಲಿ, ಸಮುದ್ರಕ್ಕೆ ಚಾಚಿಕೊಂಡ ಕಡಿದಾದ ಬಂಡೆಯೊಂದಿದೆ. ಅದರ ಹೆಸರು ನಾರ್ಡ್‌ಕಾಪ್. ಅಲ್ಲಿಂದ ಹೊರಟು ಸ್ವೀಡನ್, ಡೆನ್ಮಾರ್ಕ್, ಜರ್ಮನಿ, ಸ್ವಿಟ್ಸರ್ಲೆಂಡ್ ದೇಶಗಳನ್ನು ಹಾದು, ಇಟಲಿಯ ದಕ್ಷಿಣದ ಸಿಸಿಲಿ ದ್ವೀಪದತ್ತ ಸಾಗುವ ಕಾಲುದಾರಿಯೊಂದುಂಟು. 'ಇ-೧' ಎಂಬುದು ಅದರ ಸಂಕೇತ. ೧೯೬೯ರಲ್ಲಿ ಸ್ಥಾಪಿತವಾದ ಯೂರೋಪಿನ ಪಾದಚಾರಿ ಸಂಘಗಳ ಒಕ್ಕೂಟವು ಗುರುತಿಸಿರುವ ದೂರದಾರಿಗಳಲ್ಲಿ ಇದೂ ಒಂದು. ೧೯೭೨ರಲ್ಲಿ ಇದರ ಉದ್ಘಾಟನೆಯಾಯಿತು. ೨೦೧೩ರಲ್ಲಿ ಇದು ನಾರ್ಡ್‌ಕಾಪನ್ನು ಮುಟ್ಟಿತು.

ಈ ದಾರಿಯ ಉದ್ದ ಏಳು ಸಾವಿರ ಕಿಲೋಮೀಟರುಗಳಿಗೂ ಮಿಗಿಲು. ಏಳು ಸಾವಿರವೆಂದೇ ಹಿಡಿದು ಲೆಕ್ಕ ಹಾಕೋಣ. ನಮ್ಮ ಒಂದು ಹೆಜ್ಜೆಯ ಅಳತೆ ೭೦ ಸೆಂಟಿಮೀಟರು ಎಂದುಕೊಂಡರೆ, ದಾರಿ ಸವೆಸಲು ಒಂದು ಕೋಟಿ ಹೆಜ್ಜೆಗಳು ಬೇಕು. ದಿನಕ್ಕೆ ೨೫ ಕಿಲೋಮೀಟರು ನಡೆದರೆ, ಒಂದು ದಿನವೂ ವಿರಮಿಸದಿದ್ದರೂ, ೨೮೦ ದಿನಗಳು ಹಿಡಿಯುತ್ತವೆ. ಇಂಥ ದೂರವನ್ನು ಕ್ರಮಿಸಬಯಸುವವರು ಸಾಮಾನ್ಯವಾಗಿ ಒಂದೇ ಉಸಿರಿಗೆ ನಡೆಯುವುದಿಲ್ಲ. ಈ ವರ್ಷ ನಿಲ್ಲಿಸಿದ ಊರಿನಿಂದಲೇ ಮುಂದಿನ ವರ್ಷ ಮತ್ತೆ ಹೊರಡುತ್ತಾರೆ. ಉದ್ಯೋಗದಲ್ಲಿರುವವರಿಗೆ ರಜೆ ಸಾಲದೆಂಬುದು ಇದಕ್ಕೆ ಒಂದು ಕಾರಣ, ನಿಜ. ಆದರೆ ಪ್ರಕೃತಿಯೂ ತನ್ನದೇ ಆದ ಎರಡು ಕಾರಣಗಳನ್ನು ಒಡ್ಡುತ್ತದೆ. ಅವುಗಳನ್ನು ಇಲ್ಲಿ ವಿಚಾರ ಮಾಡೋಣ.

ಹಿಮದ ಎರಡು ಬಾಗಿಲುಗಳು

ಈ ದಾರಿಗೆ ಎರಡು ಬಾಗಿಲುಗಳಿವೆಯೆನ್ನಬಹುದು. ಒಂದು ಉತ್ತರ ಧ್ರುವವೃತ್ತದಾಚೆಗಿನ ಪ್ರದೇಶ. ಇನ್ನೊಂದು ಆಲ್ಪ್ಸ್ ಪರ್ವತ. ಎರಡೂ ಬೇಸಗೆಯಲ್ಲಿ ಕೆಲವೇ ತಿಂಗಳು ತೆರೆದಿರುತ್ತವೆ. ಆಲ್ಪ್ಸ್ ಪರ್ವತವನ್ನು ಈ ದಾರಿ ದಾಟುವುದು ೨,೧೦೬ ಮೀಟರು ಎತ್ತರದ ಗೊಟ್ಟಾರ್ಡ್ ಕಣಿವೆಮಾರ್ಗದಲ್ಲಿ. ಸಾವಿರ ಮೀಟರು ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆ. ಹೀಗಾಗಿ ಸಮುದ್ರಮಟ್ಟಕ್ಕಿಂತ ಅಲ್ಲಿ ಸುಮಾರು ಹದಿನಾಲ್ಕು ಡಿಗ್ರಿಗಳಷ್ಟು ಹೆಚ್ಚು ಚಳಿ. ಚಳಿಗಾಲದಲ್ಲಿ ಮೇಲಿನ ರಸ್ತೆ ಹಿಮದಿಂದ ಮುಚ್ಚಿಹೋಗುತ್ತದೆ.

ಜೂನ್ ಮಧ್ಯದಲ್ಲಿ ನಾರ್ಡ್‌ಕಾಪಿನಿಂದ ಒಬ್ಬನು ಹೊರಟನೆನ್ನೋಣ. ಗೊಟ್ಟಾರ್ಡಿಗೆ ಇರುವ ದೂರ ನಾಲ್ಕು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ನಮ್ಮ ಲೆಕ್ಕದಂತೆ ೧೬೦ ದಿನಗಳಾದರೂ ಬೇಕು. ಅಷ್ಟರಲ್ಲಿ ನವೆಂಬರ್ ಮುಗಿಯುತ್ತ ಬಂದಿರುತ್ತದೆ, ಬಾಗಿಲು ಮುಚ್ಚಿರುತ್ತದೆ. ದಿಕ್ಕು ಬದಲಿಸಿ ಮಾರ್ಚಿಯಲ್ಲಿ ಸಿಸಿಲಿಯಿಂದ ಹೊರಟರೋ, ನಾರ್ಡ್‌ಕಾಪನ್ನು ತಲುಪುವಾಗ ಡಿಸೆಂಬರ್. ಆಗ ಅಲ್ಲಿ ಸೂರ್ಯೋದಯವೇ ಇಲ್ಲ! ಆದ್ದರಿಂದ ಉತ್ತರವನ್ನು ಒಂದು ಬೇಸಗೆಯಲ್ಲಿ, ಆಲ್ಪ್ಸನ್ನು ಇನ್ನೊಂದು ಬೇಸಗೆಯಲ್ಲಿ, ಬಿಸಿಲು ಸುಡುವ ದಕ್ಷಿಣ ಇಟಲಿಯನ್ನು ವಸಂತದಲ್ಲಿ ನಡೆಯುವುದೇ ಜಾಣತನ.

ದೇಹದ ಲೆಕ್ಕ

ಎರಡನೆಯ ಕಾರಣ ನಮ್ಮ ದೇಹದಲ್ಲಿಯೇ ಇದೆ. ನಡಿಗೆ ಬಹು ಮಿತವ್ಯಯದ ಕ್ರಿಯೆ. ನೆಲಕ್ಕೂರಿದ ಕಾಲಿನ ಮೇಲೆ ದೇಹವು ತಲೆಕೆಳಗಾದ ಲೋಲಕದಂತೆ ತೂಗುತ್ತ ಮುಂದೆ ಸರಿಯುತ್ತದೆ. ಒಂದು ಹೆಜ್ಜೆಯ ಶಕ್ತಿಯ ಒಂದು ಭಾಗ ಮುಂದಿನ ಹೆಜ್ಜೆಗೆ ಒದಗುತ್ತದೆ. ೬೦ ಕಿಲೋಗ್ರಾಂ ತೂಕದವನು ಸಮನೆಲದಲ್ಲಿ ಒಂದು ಕಿಲೋಮೀಟರು ನಡೆಯಲು ಸುಮಾರು ೫೦ ಕಿಲೋಕ್ಯಾಲೊರಿ ಸಾಕು. ಬೆನ್ನ ಮೇಲಿನ ಹೊರೆಯೂ ಏರುದಾರಿಯೂ ಈ ವೆಚ್ಚವನ್ನು ಹೆಚ್ಚಿಸುತ್ತವೆಯಾದರೂ, ಒಳ್ಳೆಯ ಊಟ ಅದನ್ನು ತುಂಬಿಕೊಡುತ್ತದೆ.

ತೊಡಕಿರುವುದು ಎಲುಬಿನಲ್ಲಿ. ಸ್ನಾಯುಗಳು ಕೆಲವು ವಾರಗಳ ನಡಿಗೆಯಿಂದ ಬಲಗೊಳ್ಳುತ್ತವೆ. ಎಲುಬು ಮತ್ತು ಸ್ನಾಯುಬಂಧಗಳು ಅಷ್ಟು ಬೇಗ ಹೊಂದಿಕೊಳ್ಳವು. ಎಲುಬು ಸವೆದ ಭಾಗವನ್ನು ತೆಗೆದುಹಾಕಿ ಹೊಸದನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಕಟ್ಟುವುದಕ್ಕಿಂತ ಸವೆತವೇ ಮುಂದಾದರೆ ಪಾದದ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ದೀರ್ಘ ಕವಾಯತಿನಿಂದ ಸೈನಿಕರ ಪಾದ ಊದಿಕೊಳ್ಳುವುದನ್ನು ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹೌಪ್ಟ್ ೧೮೫೫ರಲ್ಲಿಯೇ ವರ್ಣಿಸಿದ್ದನು. ಅದರ ಕಾರಣ ಈ ಬಿರುಕು ಎಂಬುದು ಮುಂದೆ ಎಕ್ಸ್-ಕಿರಣಗಳು ಬಂದ ಮೇಲೆ ಕಣ್ಣಿಗೆ ಕಂಡಿತು. ಹಂತಹಂತವಾಗಿ ನಡೆಯುವವನು ಎಲುಬಿಗೆ ಬಿಡುವು ಕೊಡುತ್ತಾನೆ. ಆದರೆ ತಿಂಗಳುಗಟ್ಟಲೆ ಮನೆಯಲ್ಲಿದ್ದಾಗ ಗಳಿಸಿದ ಬಲವೂ ಕುಂದುವುದರಿಂದ, ಪ್ರತಿ ವರ್ಷವೂ ಮೊದಲ ವಾರ ಕಡಿಮೆ ದೂರ ನಡೆದು, ಬಳಿಕ ಹೆಚ್ಚಿಸಿಕೊಳ್ಳಬೇಕು.

ಕಾಲ್ನಡಿಗೆಯ ಪಾಠಗಳು

ವಿಮಾನ ಕೆಲವೇ ಗಂಟೆಗಳಲ್ಲಿ ದಾಟಿಸುವ ದೂರವನ್ನು ನಡೆದು ದಾಟುವುದರಿಂದ ಬಂದ ಲಾಭವೇನು? ನೆಲದ ಚರಿತ್ರೆಯನ್ನು ಹಾಳೆ ಹಾಳೆಯಾಗಿ ಓದಬಹುದೆಂಬುದೇ ಲಾಭ. ಉತ್ತರ ಜರ್ಮನಿಯ ಲ್ಯೂನೆಬುರ್ಗ್ ಬಯಲಿನಲ್ಲಿ ಅಲ್ಲಲ್ಲಿ ದೊಡ್ಡ ಕಲ್ಲುಗುಂಡುಗಳಿವೆ. ಅವು ಆ ನೆಲದವಲ್ಲ. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯದಿಂದ ಹಿಮದ ಹಾಸು ಹೊತ್ತುತಂದವು. ಉತ್ತರದಿಂದ ನಡೆದುಬಂದವನಿಗೆ ಅವು ಹಳೆಯ ಪರಿಚಯದ ಕಲ್ಲುಗಳೇ.

ದಕ್ಷಿಣ ಜರ್ಮನಿಯಲ್ಲಿ, ಈ ದಾರಿಗೆ ಸಮೀಪದಲ್ಲಿಯೇ, ಇನ್ನೂ ದೊಡ್ಡ ಸೋಜಿಗವಿದೆ. ಇಮ್ಮೆಂಡಿಂಗೆನ್ ಊರಿನ ಬಳಿ ಡ್ಯಾನ್ಯೂಬ್ ನದಿಯ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ವರ್ಷದಲ್ಲಿ ಹಲವು ದಿನ ನದಿಯ ಪಾತ್ರವೇ ಬರಿದು. ಆ ನೀರು ಹೋಗುವುದೆಲ್ಲಿಗೆ? ೧೮೭೭ರಲ್ಲಿ ಆಡಾಲ್ಫ್ ಕ್ನಾಪ್ ಎಂಬ ವಿಜ್ಞಾನಿ ೧೦ ಕಿಲೋಗ್ರಾಂ ಬಣ್ಣವನ್ನೂ ೨೦ ಟನ್ ಉಪ್ಪನ್ನೂ ಅಲ್ಲಿ ಹಾಕಿಸಿದನು. ಸುಮಾರು ೬೦ ಗಂಟೆಗಳ ತರುವಾಯ, ೧೨ ಕಿಲೋಮೀಟರು ದೂರದ ಆಹ್ ಎಂಬ ಬುಗ್ಗೆಯಿಂದ ಹೊಳೆಯುವ ಹಸಿರು ಬಣ್ಣದ ಉಪ್ಪುನೀರು ಉಕ್ಕಿಬಂತು! ಆ ಬುಗ್ಗೆಯ ನೀರು ಸೇರುವುದು ರೈನ್ ನದಿಗೆ. ಪೂರ್ವದ ಕಪ್ಪುಸಮುದ್ರಕ್ಕೆ ಹೊರಟ ನೀರು ನೆಲದಡಿಯಲ್ಲಿ ದಿಕ್ಕು ಬದಲಿಸಿ ಉತ್ತರಸಮುದ್ರವನ್ನು ಮುಟ್ಟುತ್ತದೆ.

ಗೊಟ್ಟಾರ್ಡಿನ ನೆತ್ತಿಯಲ್ಲಿ ಜಲವಿಭಾಜಕ ಬಯಲಿಗೇ ಕಾಣುತ್ತದೆ. ಬಡಗಣ ಇಳಿಜಾರಿನ ಹನಿ ರಾಯ್ಸ್ ನದಿಯ ಮೂಲಕ ರೈನ್ ಸೇರುತ್ತದೆ. ತೆಂಕಣದ್ದು ಟಿಚೀನೊ ಮತ್ತು ಪೋ ನದಿಗಳ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕಿಳಿಯುತ್ತದೆ.

ಮನುಷ್ಯನು ಎಳೆದ ಗೆರೆಗಳನ್ನೂ ಈ ದಾರಿ ದಾಟುತ್ತದೆ. ಡೆನ್ಮಾರ್ಕ್-ಜರ್ಮನಿಗಳ ಗಡಿನಾಡಿಗಾಗಿ ೧೮೬೪ರಲ್ಲಿ ಯುದ್ಧವಾಯಿತು. ೧೯೪೦ರಲ್ಲಿ ಜರ್ಮನ್ ಸೇನೆ ಅದೇ ಗಡಿಯನ್ನು ದಾಟಿ ಡೆನ್ಮಾರ್ಕನ್ನು ಆಕ್ರಮಿಸಿತು. ಎರಡನೆಯ ಮಹಾಯುದ್ಧ ಮುಗಿದು ೨೭ ವರ್ಷಗಳಾಗುವಷ್ಟರಲ್ಲಿ, ಆ ನೆಲದ ಮೂಲಕ ಎಲ್ಲರೂ ನಡೆಯಬಹುದಾದ ದಾರಿಯನ್ನು ಗುರುತಿಸಿದವರು ಸೇನಾಪತಿಗಳಲ್ಲ. ರಜೆಯ ದಿನಗಳಲ್ಲಿ ಮರಗಳಿಗೂ ಕಲ್ಲುಗಳಿಗೂ ಬಣ್ಣದ ಗುರುತು ಹಚ್ಚುವ ಪಾದಚಾರಿ ಸಂಘಗಳವರು.

ನಮ್ಮ ವಿದ್ಯಾರ್ಥಿಗಳು ಭೂಪಟವನ್ನು ಬಿಡಿಸಿ ನಾರ್ಡ್‌ಕಾಪಿನಿಂದ ಸಿಸಿಲಿಯವರೆಗೆ ಬೆರಳಾಡಿಸಿ ನೋಡಲಿ. ಯಾವ ಭಾಗವನ್ನು ಯಾವ ತಿಂಗಳಲ್ಲಿ ನಡೆಯಬೇಕು, ಎಷ್ಟು ವರ್ಷಗಳಲ್ಲಿ ಮುಗಿಸಬಹುದು ಎಂದು ತಾವೇ ಲೆಕ್ಕ ಹಾಕಲಿ. ವಾಯುಗುಣ, ನದಿ, ಪರ್ವತ ಮತ್ತು ದೇಹಶಾಸ್ತ್ರಗಳ ಪಾಠಗಳು ಆ ಒಂದು ಲೆಕ್ಕದಲ್ಲಿ ಒಟ್ಟುಗೂಡುವುದನ್ನು ಅವರು ಕಾಣುವರು.