ವೇಗದ ಶಾಲೆಯಲ್ಲಿ ಮೊದಲ ಪಾಠ

ವೇಗವು ಮಾನವನಿಗೆ ಅನಾದಿಯಿಂದಲೂ ಪ್ರಿಯವಾದದ್ದು. ಕುದುರೆಯನ್ನು ಪಳಗಿಸಿದ ದಿನದಿಂದ ಇಂದಿನವರೆಗೆ ಅವನು ಹೆಚ್ಚು ಹೆಚ್ಚು ಬೇಗ ಸಾಗುವ ಉಪಾಯಗಳನ್ನು ಹುಡುಕುತ್ತಲೇ ಬಂದಿದ್ದಾನೆ. ಆದರೆ ವೇಗವನ್ನು ಪಡೆಯುವುದು ಬೇರೆ, ಪಡೆದ ವೇಗವನ್ನು ಆಳುವುದು ಬೇರೆ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಶಿಕ್ಷಣ ಬೇಕು. ಈ ಶಿಕ್ಷಣಕ್ಕೆಂದೇ ಜಗತ್ತಿನ ಹಲವೆಡೆ ವಿಶೇಷ ಪಥಗಳನ್ನು ನಿರ್ಮಿಸಿದ್ದಾರೆ. ಅಲ್ಲಿ ಏನನ್ನು ಕಲಿಸುತ್ತಾರೆ, ಏನನ್ನು ಕಲಿಸಲಾರರು ಎಂಬುದನ್ನು ಇಲ್ಲಿ ವಿಚಾರಿಸೋಣ.

ಗೃಹಸ್ಥರು ಓದುವ ಮಾಸಪತ್ರಿಕೆಯಲ್ಲಿ ಸ್ಪೋರ್ಟ್ಸ್ ಕಾರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ, ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಕೈಗೆ ಬರುವ ವಾಹನಗಳ ಶಕ್ತಿ ನಮ್ಮ ತಲೆಮಾರು ಕನಸಿನಲ್ಲಿಯೂ ಕಂಡದ್ದಲ್ಲ. 1983ರಲ್ಲಿ ಬಂದ ಮಾರುತಿ 800 ಕಾರಿನ ಎಂಜಿನ್ನಿಗೆ ಸುಮಾರು 40 ಅಶ್ವಶಕ್ತಿ ಇತ್ತು. 2020ರಲ್ಲಿ ಬಿಡುಗಡೆಯಾದ ಪೋರ್ಷೆ 911 ಟರ್ಬೊ ಎಸ್ ಕಾರಿನದು 650 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೇರಲು ಅದಕ್ಕೆ 2.7 ಸೆಕೆಂಡು ಸಾಕು. ಅದರ ಗರಿಷ್ಠ ವೇಗ 330 ಕಿಲೋಮೀಟರ್. ಇಂಥ ಯಂತ್ರವನ್ನು ಕೊಳ್ಳುವುದಕ್ಕೆ ಸಾಮಾನ್ಯ ಚಾಲನಾ ಪರವಾನಗಿಯೊಂದೇ ಸಾಕೆಂಬುದು ಯೋಚಿಸಬೇಕಾದ ಸಂಗತಿ.

ಗಾಯದಿಂದ ಹುಟ್ಟಿದ ಶಾಲೆ

ಅಮೆರಿಕದ ಬಾಬ್ ಬಾಂಡುರಂಟ್ ತಮ್ಮ ಕಾಲದ ಹೆಸರಾಂತ ಓಟದ ಚಾಲಕರಲ್ಲೊಬ್ಬರು. 1967ರಲ್ಲಿ ವಾಟ್ಕಿನ್ಸ್ ಗ್ಲೆನ್ ಪಥದಲ್ಲಿ, ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ, ಅವರ ಕಾರಿನ ಸ್ಟಿಯರಿಂಗಿನ ಒಂದು ಭಾಗ ಮುರಿಯಿತು. ಕಾರು ಉರುಳಿತು, ಅವರ ಕಾಲುಗಳು, ಪಾದಗಳು ತೀವ್ರವಾಗಿ ಗಾಯಗೊಂಡವು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಅವರಲ್ಲಿ ಚಾಲನೆಯ ಶಾಲೆಯೊಂದನ್ನು ತೆರೆಯುವ ಸಂಕಲ್ಪ ಮೂಡಿತು. 1968ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಆ ಶಾಲೆ ಆರಂಭವಾಯಿತು. ಮೊದಮೊದಲ ವಿದ್ಯಾರ್ಥಿಗಳಲ್ಲಿ ಚಿತ್ರನಟ ಪಾಲ್ ನ್ಯೂಮನ್ ಒಬ್ಬರು. 1990ರಲ್ಲಿ ಶಾಲೆ ಅರಿಜೋನಾ ರಾಜ್ಯಕ್ಕೆ ಸ್ಥಳಾಂತರಗೊಂಡಿತು. ಬಾಂಡುರಂಟ್ ಅವರು 2021ರಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯಂತ್ರ ಕೈಕೊಟ್ಟರೆ ಎಷ್ಟು ದೊಡ್ಡ ಚಾಲಕನೂ ಅಸಹಾಯಕನೆಂಬುದನ್ನು ಮೈಯಲ್ಲೇ ಅನುಭವಿಸಿದವರು ಉಳಿದ ಆಯುಷ್ಯವನ್ನೆಲ್ಲ ಇತರರಿಗೆ ಕಲಿಸುವುದರಲ್ಲಿ ಕಳೆದದ್ದು ಗಮನಾರ್ಹ.

ಅನಂತರ ಕಾರು ತಯಾರಿಸುವ ಕಂಪನಿಗಳೇ ಇಂಥ ಪಥಗಳನ್ನು ಕಟ್ಟತೊಡಗಿದವು. ಪೋರ್ಷೆ ಕಂಪನಿ ಜರ್ಮನಿಯ ಲೈಪ್ಜಿಗ್ ಕಾರ್ಖಾನೆಯ ಬಳಿ ಪಥವೊಂದನ್ನು ನಿರ್ಮಿಸಿ, ಜಗತ್ಪ್ರಸಿದ್ಧ ಓಟದ ಪಥಗಳ ತಿರುವುಗಳನ್ನು ಅಲ್ಲಿ ಮರುರೂಪಿಸಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ 2008ರಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ 2015ರಲ್ಲಿ, ಲಾಸ್ ಏಂಜಲೀಸ್ ಬಳಿಯ ಕಾರ್ಸನ್‌ನಲ್ಲಿ 2016ರಲ್ಲಿ ಅದರ ಕೇಂದ್ರಗಳು ತೆರೆದವು. ಕಾರನ್ನು ಕೊಳ್ಳಬೇಕೆಂದಿರುವವರು ಮಾತ್ರವಲ್ಲ, ಒಮ್ಮೆ ನಡೆಸಿ ನೋಡಬೇಕೆಂಬ ಆಸೆಯುಳ್ಳವರೂ ಶುಲ್ಕ ಕೊಟ್ಟು ಅಲ್ಲಿ ಕಾರು ನಡೆಸಬಹುದು. ಪಕ್ಕದ ಆಸನದಲ್ಲಿ ಶಿಕ್ಷಕನೊಬ್ಬ ಕುಳಿತು ಮಾರ್ಗದರ್ಶನ ಮಾಡುತ್ತಾನೆ.

ನಿಲ್ಲುವ ವಿದ್ಯೆ

ಹೊಸಬನು ಪಥಕ್ಕೆ ಬಂದೊಡನೆ ವೇಗವಾಗಿ ಓಡಿಸಲು ಬಿಡುತ್ತಾರೆಂದು ಭಾವಿಸಿದರೆ ನಿರಾಶೆಯಾಗುತ್ತದೆ. ಮೊದಲು ಕುಳಿತುಕೊಳ್ಳುವುದನ್ನು ಕಲಿಸುತ್ತಾರೆ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಆಸನಕ್ಕೆ ಅಂಟಿರಬೇಕು. ಗಡಿಯಾರದ ಮುಖದಲ್ಲಿ ಒಂಬತ್ತು ಮತ್ತು ಮೂರು ಇರುವ ಸ್ಥಾನಗಳಲ್ಲಿ ಕೈಗಳು ಸ್ಟಿಯರಿಂಗನ್ನು ಹಿಡಿದಿರಬೇಕು. ಬಳಿಕ ನೋಡುವುದನ್ನು ಕಲಿಸುತ್ತಾರೆ. ದೃಷ್ಟಿ ಕಾರಿನ ಮೂತಿಯ ಮುಂದಲ್ಲದೆ ಹೋಗಬೇಕಾದ ದೂರದ ಬಿಂದುವಿನ ಮೇಲೆ ಇರಬೇಕು. ಗಾಬರಿಯಾದವನು ಯಾವ ಕಂಬವನ್ನು ನೋಡುತ್ತಾನೋ ಆ ಕಂಬಕ್ಕೇ ಹೋಗಿ ಬಡಿಯುತ್ತಾನೆ. ಕಣ್ಣು ಹೋದತ್ತ ಕೈ ಹೋಗುತ್ತದೆ, ಕೈ ಹೋದತ್ತ ಕಾರು ಹೋಗುತ್ತದೆ.

ಮೂರನೆಯ ಪಾಠ ನಿಲ್ಲಿಸುವುದು. ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ಒಳ್ಳೆಯ ಟೈರುಗಳುಳ್ಳ ಕಾರು ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ ಬ್ರೇಕ್ ಹಾಕಿದರೆ ಸುಮಾರು 11 ಮೀಟರಿನಲ್ಲಿ ನಿಲ್ಲುತ್ತದೆ. ವೇಗ 100 ಆದರೆ ದೂರ 22 ಆಗುವುದಿಲ್ಲ. ಸುಮಾರು 44 ಆಗುತ್ತದೆ. ವೇಗ 200 ಆದರೆ ಸುಮಾರು 175 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುವುದು ಪ್ರಕೃತಿಯ ನಿಯಮ. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನಲ್ಲಿ 100ರ ವೇಗದ ಕಾರು ಇನ್ನೂ 28 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ಒದ್ದೆಯಾಗಿದ್ದರೆ ಈ ಅಂಕಿಗಳೆಲ್ಲ ಇನ್ನಷ್ಟು ಬೆಳೆಯುತ್ತವೆ.

ಬ್ರೇಕನ್ನು ಪೂರ್ಣ ಬಲದಿಂದ ಒತ್ತಲು ಬಹುತೇಕ ಚಾಲಕರು ಅಂಜುತ್ತಾರೆ ಎಂಬುದು ಶಿಕ್ಷಕರ ಅನುಭವ. ಚಕ್ರಗಳು ಸ್ತಬ್ಧವಾಗಿ ಜಾರದಂತೆ ತಡೆಯುವ ಎಬಿಎಸ್ ಎಂಬ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂದಿತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳೆಲ್ಲಕ್ಕೂ ಅದು ಕಡ್ಡಾಯವಾಯಿತು. ಅದು ಕೆಲಸ ಮಾಡುವಾಗ ಪೆಡಲು ಕಾಲಿನ ಕೆಳಗೆ ಟಕಟಕನೆ ಅದುರುತ್ತದೆ. ಅದನ್ನರಿಯದವನು ಏನೋ ಮುರಿಯಿತೆಂದು ಹೆದರಿ ಕಾಲೆತ್ತುತ್ತಾನೆ. ಅಲ್ಲಿಗೆ ರಕ್ಷಣೆಯೂ ತಪ್ಪುತ್ತದೆ. ಪಥದಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿದವನು ಕಾಲೆತ್ತದೆ, ಸ್ಟಿಯರಿಂಗನ್ನೂ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಬಲ್ಲ.

ಹಿಡಿತವೆಂಬ ಆದಾಯ

ಕಾರು ಎಷ್ಟೇ ದೊಡ್ಡದಾಗಿರಲಿ, ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ಅಂಥ ನಾಲ್ಕು ಅಂಗೈಗಳ ಹಿಡಿತವೇ ಚಾಲಕನ ಸಮಸ್ತ ಸಂಪತ್ತು. ಅದನ್ನು ನಾವು ಮನೆಯ ತಿಂಗಳ ಆದಾಯಕ್ಕೆ ಹೋಲಿಸಬಹುದು. ಬ್ರೇಕಿಗೂ ಅದರಿಂದಲೇ ಖರ್ಚು, ತಿರುವಿಗೂ ಅದರಿಂದಲೇ ಖರ್ಚು. ಬ್ರೇಕಿಗೆ ಎಲ್ಲವನ್ನೂ ಕೊಟ್ಟವನಿಗೆ ತಿರುಗಲು ಏನೂ ಉಳಿಯದು. ಆದ್ದರಿಂದಲೇ ತಿರುವಿಗೆ ಮುನ್ನ, ನೇರ ದಾರಿಯಲ್ಲಿಯೇ ವೇಗವನ್ನು ಇಳಿಸಿ, ಬಳಿಕ ನಿಧಾನವಾಗಿ ತಿರುಗಿ, ಹೊರಬರುವಾಗ ಮಾತ್ರ ಆ್ಯಕ್ಸಿಲರೇಟರ್ ಒತ್ತಬೇಕೆಂದು ಶಿಕ್ಷಕರು ಮತ್ತೆ ಮತ್ತೆ ಹೇಳುತ್ತಾರೆ. ಆದಾಯ ಮೀರಿದ ಖರ್ಚು ಮನೆಯನ್ನು ಕೆಡಿಸುವಂತೆ ಹಿಡಿತ ಮೀರಿದ ವೇಗ ಕಾರನ್ನು ದಾರಿಯಿಂದಾಚೆ ಎಸೆಯುತ್ತದೆ.

ಪೋರ್ಷೆ 911 ಕಾರಿನಲ್ಲಿ ಇನ್ನೊಂದು ವಿಶೇಷವಿದೆ. 1963ರಲ್ಲಿ ಮೊದಲು ಪ್ರದರ್ಶಿತವಾದಂದಿನಿಂದಲೂ ಅದರ ಎಂಜಿನ್ ಹಿಂಬದಿಯಲ್ಲಿದೆ. ತಿರುವಿನ ನಡುವೆ ಹೆದರಿ ಆ್ಯಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ವಾಲಿ, ಹಿಂಬದಿಯ ಗಾಲಿಗಳು ಹಗುರಾಗಿ, ಕಾರಿನ ಬಾಲ ಹೊರಕ್ಕೆ ಬೀಸುತ್ತದೆ. ಹೆದರಿಕೆಯೇ ಅಪಾಯಕ್ಕೆ ಕಾರಣವಾಗುವ ಬಗೆ ಇದು. ಇದನ್ನು ಎಲ್ಲರ ರಸ್ತೆಯಲ್ಲಿ ಕಲಿಯಲಾಗದು.

ಆದುದರಿಂದ ಈ ಕೇಂದ್ರಗಳಲ್ಲಿ ಜಾರುವುದಕ್ಕೆಂದೇ ನೆಲಗಳನ್ನು ಸಿದ್ಧಪಡಿಸಿದ್ದಾರೆ. ನುಣುಪಾದ ವರ್ತುಲವೊಂದಕ್ಕೆ ನೀರು ಹಾಯಿಸಿ ಅದರ ಮೇಲೆ ಸುತ್ತು ಹೊಡೆಸುತ್ತಾರೆ. ಕಿಕ್ ಪ್ಲೇಟ್ ಎಂಬುದು ನೆಲದಲ್ಲಿ ಹುದುಗಿಸಿದ ಲೋಹದ ಹಲಗೆ. ಹಿಂದಿನ ಗಾಲಿಗಳು ಅದರ ಮೇಲೆ ಬಂದ ಕ್ಷಣದಲ್ಲಿ ಅದು ಅವನ್ನು ಎಡಕ್ಕೋ ಬಲಕ್ಕೋ ಝಾಡಿಸುತ್ತದೆ. ಮುಂದೆ ಒದ್ದೆ ನೆಲ; ಕಾರು ಗಿರ್ರನೆ ತಿರುಗುತ್ತದೆ. ವೇಗ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರಿನಷ್ಟೇ ಇದ್ದರೂ ಚಾಲಕನ ಎದೆ ಝಲ್ಲೆನ್ನುತ್ತದೆ. ಸುತ್ತ ಮರವಿಲ್ಲ, ಲಾರಿಯಿಲ್ಲ, ಶಾಲೆಗೆ ಹೋಗುವ ಮಗುವಿಲ್ಲ. ಆದ್ದರಿಂದ ತಪ್ಪಿಗೆ ಶಿಕ್ಷೆಯಿಲ್ಲ. ತಪ್ಪು ಮಾಡಲು ಅವಕಾಶವಿರುವ ರಸ್ತೆಯೆಂದರೆ ಇದೊಂದೇ.

ಕಲಿತವನ ಅಪಾಯ

ಇಷ್ಟನ್ನು ಓದಿದ ತಂದೆತಾಯಿಗಳು, ಮಗನನ್ನು ಇಂಥ ಪಥಕ್ಕೆ ಕಳುಹಿಸಿದರೆ ನಿಶ್ಚಿಂತರಾಗಬಹುದೆಂದು ಭಾವಿಸಬಹುದು. ಇಲ್ಲಿ ನಾವು ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ನಾರ್ವೆ ದೇಶದಲ್ಲಿ ಹೊಸ ಚಾಲಕರಿಗೆ ಜಾರುನೆಲದ ತರಬೇತಿಯನ್ನು ಕಡ್ಡಾಯ ಮಾಡಿದ್ದರು. ಅದರ ಪರಿಣಾಮವನ್ನು ಕುರಿತು 1988ರಲ್ಲಿ ಪ್ರಕಟವಾದ ಅಧ್ಯಯನ, ತರಬೇತಿ ಪಡೆದ ತರುಣರಲ್ಲಿ ಜಾರುರಸ್ತೆಯ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿದ್ದನ್ನು ಕಂಡಿತು. 1996ರಲ್ಲಿ ಸ್ವೀಡನ್ನಿನ ಸಂಶೋಧಕ ನಿಲ್ಸ್ ಪೆಟರ್ ಗ್ರೆಗೆರ್ಸನ್ ಅವರು ಪ್ರಯೋಗವೊಂದನ್ನು ಪ್ರಕಟಿಸಿದರು. ಕಲಿಯುವವರ ಒಂದು ಗುಂಪಿಗೆ ಜಾರುನೆಲದಲ್ಲಿ ಕಾರನ್ನು ಚೆನ್ನಾಗಿ ನಿಭಾಯಿಸುವ ಕೌಶಲವನ್ನು ಕಲಿಸಿದರು. ಇನ್ನೊಂದು ಗುಂಪಿಗೆ, ಇಂಥ ಸಂದರ್ಭದಲ್ಲಿ ನಿಮ್ಮ ಕೌಶಲವನ್ನು ನಂಬಲಾಗದು ಎಂಬುದನ್ನು ಮನಗಾಣಿಸಿದರು. ವಾರದ ನಂತರ ಪರೀಕ್ಷಿಸಿದಾಗ ಎರಡೂ ಗುಂಪುಗಳ ನಿಜವಾದ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲನೆಯ ಗುಂಪಿನವರು ತಮ್ಮನ್ನು ತಾವು ಹೆಚ್ಚು ಸಮರ್ಥರೆಂದು ಎಣಿಸಿಕೊಂಡಿದ್ದರು.

ಕೌಶಲ ಬೆಳೆಯದೆ ಕೌಶಲದ ಅಭಿಮಾನ ಬೆಳೆಯಿತೆಂಬುದೇ ಇದರ ತಾತ್ಪರ್ಯ. ಒಂದೇ ಪಥ, ಒಂದೇ ಕಾರು. ಆದರೆ ಅಲ್ಲಿಂದ ಒಬ್ಬನು ವಿನಯವನ್ನು ಹೊತ್ತು ಬರುತ್ತಾನೆ, ಇನ್ನೊಬ್ಬನು ಗರ್ವವನ್ನು. ಕಿಕ್ ಪ್ಲೇಟಿನ ಮೇಲೆ ಐದು ಸಲ ತಿರುಗಿ, ಆರನೆಯ ಸಲ ಕಾರನ್ನು ನೇರ ಮಾಡಿದವನು, ಆ ಆರನೆಯದನ್ನು ಮಾತ್ರ ನೆನಪಿಟ್ಟುಕೊಂಡರೆ ಪಾಠ ತಲೆಕೆಳಗಾಯಿತು. ಮಿತಿಯ ಅರಿವೇ ಈ ವಿದ್ಯೆಯ ಫಲ. ಉಳಿದದ್ದೆಲ್ಲ ಅದರ ಸಾಧನ.

ನಮ್ಮ ಮಕ್ಕಳಿಗೆ

ನಮ್ಮ ದೇಶದಲ್ಲಿಯೂ ವೇಗಕ್ಕೆ ಯೋಗ್ಯವಾದ ಸ್ಥಳಗಳಿವೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಮದರಾಸಿನ ಮೋಟಾರು ಕ್ರೀಡಾಸಂಘ ಕಟ್ಟಿದ ಪಥ 1990ರಿಂದ ಇದೆ. ಬೆಂಗಳೂರಿನ ಉತ್ಸಾಹಿಗಳು ಅಲ್ಲಿಗೆ ಹೋಗಿ ಓಡಿಸುವುದುಂಟು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ದೆಹಲಿಯ ಬಳಿ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ತೆರೆದ ಬುದ್ಧ ಪಥ ಕೂಡ ಇವೆ. ಆಸೆಯಿರುವ ಮಗನಿಗೆ ಕಾರು ಕೊಡಿಸುವ ಶಕ್ತಿಯುಳ್ಳ ಮನೆಯವರು, ಆ ಆಸೆಯನ್ನು ಬೈದು ಅದುಮುವುದಕ್ಕಿಂತ ಅದಕ್ಕೊಂದು ಸ್ಥಾನವನ್ನು ತೋರಿಸುವುದು ಲೇಸು. ವೇಗ ಬೇಕೆ? ಅದಕ್ಕೆ ಪಥವಿದೆ. ಊರಿಗೆ ಹೋಗುವ ಹೆದ್ದಾರಿ ಪಥವಲ್ಲ.

ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಪ್ರತಿಯೊಂದು ಅಂಕಿಯ ಹಿಂದೆ ಒಂದು ಮನೆಯಿದೆ, ಬಾಗಿಲಲ್ಲಿ ಕಾಯುತ್ತಿದ್ದ ತಾಯಿಯಿದ್ದಾಳೆ.

ಪಥಕ್ಕೆ ಹೋಗಲಾಗದವರೂ ಅಲ್ಲಿಯ ಪಾಠಗಳನ್ನು ನಡೆಸಬಹುದು. ನೆಟ್ಟಗೆ ಕುಳಿತು ಬೆಲ್ಟ್ ಕಟ್ಟಿಕೊಳ್ಳುವುದು, ದೃಷ್ಟಿಯನ್ನು ದೂರಕ್ಕೆ ಹರಿಸುವುದು, ಟೈರಿನ ಗಾಳಿಯನ್ನು ಆಗಾಗ ನೋಡಿಸುವುದು, ಮುಂದಿನ ವಾಹನದಿಂದ ಸಾಕಷ್ಟು ಅಂತರವಿಡುವುದು, ತಿರುವಿಗೆ ಮುನ್ನವೇ ವೇಗವಿಳಿಸುವುದು, ಮಳೆ ಬಂದರೆ ಇನ್ನೂ ಇಳಿಸುವುದು, ಪ್ರಸಂಗ ಬಂದರೆ ಬ್ರೇಕನ್ನು ಅಂಜದೆ ಪೂರ್ತಿ ಒತ್ತುವುದು: ಇವಕ್ಕೆ 650 ಅಶ್ವಶಕ್ತಿ ಬೇಕಾಗಿಲ್ಲ. ಅರಿವು ಆಚರಣೆಗೆ ಇಳಿದಾಗಲೇ ಅದಕ್ಕೆ ಬೆಲೆ.

ನೂರಾರು ಅಶ್ವಗಳನ್ನು ಒಂದು ಪೆಡಲಿನಡಿ ಕಟ್ಟಿಹಾಕುವ ವಿದ್ಯೆಯನ್ನು ಮಾನವನು ಸಾಧಿಸಿದ್ದಾನೆ. ಅದು ಹೆಮ್ಮೆಯ ವಿಷಯವೇ ಸರಿ. ಆ ಪೆಡಲಿನ ಮೇಲಿರುವ ಪಾದಕ್ಕೆ ಸಂಯಮವನ್ನು ಕಲಿಸುವ ಕೆಲಸ ಮಾತ್ರ ಯಾವ ಕಾರ್ಖಾನೆಯದೂ ಅಲ್ಲ. ಅದು ಮನೆಯಲ್ಲಿಯೇ ಆರಂಭವಾಗಬೇಕು. ಹಿರಿಯರು ತಾವು ವಾಹನ ನಡೆಸುವ ರೀತಿಯಿಂದಲೇ ಅದನ್ನು ಕಲಿಸಬೇಕು.