ಮಡಿಕೇರಿಯಲ್ಲಿ ಕೊಟ್ಟ ಮಾತು

ಯಲಹಂಕದ ನಾಡಪ್ರಭುಗಳು ಆಳಿದ ನೆಲದಲ್ಲಿ ವಾಸವಾಗಿರುವ ನಮಗೆ, ಗೆದ್ದವನು ಸೋತವನಿಗೆ ಒಂದಿಷ್ಟು ಸ್ವಾತಂತ್ರ್ಯವನ್ನುಳಿಸುವ ಕಥೆ ಹೊಸದಲ್ಲ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ವಶಪಡಿಸಿಕೊಂಡಾಗ ಅಲ್ಲಿನ ಕೆಂಪೇಗೌಡರ ವಂಶದ ಪ್ರಭುವಿಗೆ ಮಾಗಡಿಯ ಸೀಮೆ ಉಳಿಯಿತು. ಆದರೆ ಅದು ಸೇನಾನಿಗೂ ಪ್ರಭುವಿಗೂ ನಡುವಣ ಏರ್ಪಾಡು. ಗೆದ್ದ ನಾಡಿನ ಮುಖಂಡರನ್ನೇ ಒಂದೆಡೆ ಸೇರಿಸಿ, ಅವರ ಇಚ್ಛೆಯನ್ನು ಕೇಳಿ, ಅದರ ಮೇಲೆ ವಾಗ್ದಾನವಿತ್ತ ಪ್ರಸಂಗವನ್ನು ನೋಡಬೇಕಾದರೆ ಸುಮಾರು ಎರಡು ಶತಮಾನ ದಾಟಿ ಮಡಿಕೇರಿಗೆ ಹೋಗಬೇಕು.

1834ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೊಡಗನ್ನು ಹೊಕ್ಕು, ಹಾಲೇರಿ ವಂಶದ ಕಡೆಯ ಅರಸನಾದ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಅರಸನು ಕಾಶಿಗೆ ನಡೆದನು. ಅನಂತರ ಕಂಪನಿಯ ಪ್ರತಿನಿಧಿಯಾದ ಕರ್ನಲ್ ಫ್ರೇಸರನು ನಾಡಿನ ಮುಖ್ಯಸ್ಥರನ್ನು ಮಡಿಕೇರಿಗೆ ಕರೆಸಿ, ಮುಂದಿನ ಆಳ್ವಿಕೆ ಹೇಗಿರಬೇಕೆಂದು ವಿಚಾರಿಸಿದನು. ಮೇ 7ರಂದು ಹೊರಟ ಘೋಷಣೆಯು, ನಿವಾಸಿಗಳ ಏಕಾಭಿಪ್ರಾಯದಂತೆ ನಾಡು ಕಂಪನಿಗೆ ಸೇರಿತೆಂದು ಸಾರಿ, ಅವರನ್ನು ಮತ್ತೆ ದೇಶೀಯ ಅರಸರ ಕೈಗೆ ಒಪ್ಪಿಸುವುದಿಲ್ಲವೆಂದೂ, ಅವರ ಲೌಕಿಕ ಹಾಗೂ ಧಾರ್ಮಿಕ ಹಕ್ಕುಗಳನ್ನೂ ಆಚಾರಗಳನ್ನೂ ಮನ್ನಿಸುವುದಾಗಿಯೂ ಭರವಸೆಯಿತ್ತಿತು. ಸುತ್ತಲೂ ಪರಕೀಯ ಸೈನ್ಯವಿರುವಾಗ ಹೊರಟ ಏಕಾಭಿಪ್ರಾಯಕ್ಕೆ ಎಷ್ಟು ಬೆಲೆಯೆಂಬ ಪ್ರಶ್ನೆ ಏಳದಿರದು. ಆದರೂ ಆ ಅರಸನ ಕ್ರೌರ್ಯದಿಂದ ಬೆಂದ ಜನ ಮನಸಾರೆ ಒಪ್ಪಿದ್ದರೂ ಒಪ್ಪಿರಬಹುದೆಂದೇ ನನಗೆ ತೋರುತ್ತದೆ.

ಇಂಥದೇ ದೃಶ್ಯ ಇಪ್ಪತ್ತೈದು ವರ್ಷ ಮೊದಲು ಯೂರೋಪಿನ ಉತ್ತರದಲ್ಲಿ ನಡೆದಿತ್ತು: 1809ರಲ್ಲಿ ರಷ್ಯದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನು, ಸ್ವೀಡನ್ನಿನಿಂದ ಗೆದ್ದುಕೊಂಡ ಫಿನ್ಲೆಂಡಿನ ಪ್ರತಿನಿಧಿಗಳನ್ನು ಪೋರ್ವೋ ಎಂಬ ಪಟ್ಟಣದಲ್ಲಿ ಕೂಡಿಸಿ, ಅವರ ಮತವನ್ನೂ ಶಾಸನಗಳನ್ನೂ ಕಾಪಾಡುವುದಾಗಿ ಮಾತು ಕೊಟ್ಟನು.

ಕೊಡಗಿಗೆ ಕೊಟ್ಟ ಮಾತು ಬಹುಮಟ್ಟಿಗೆ ಉಳಿಯಿತು. ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ಮೊದಲಾದ ದಿವಾನರು ಪದವಿಯಲ್ಲಿ ಮುಂದುವರಿದರು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಕ್ಕು ಅಳಿಯಲಿಲ್ಲ. 1861ರಲ್ಲಿ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆತು, ಆಯುಧಗಳ ಹಬ್ಬವಾದ ಕೈಲ್‌ಪೋದಿನಂದು ಪೂಜೆಗೊಳ್ಳುವ ಕೋವಿ ಮನೆಯಲ್ಲಿಯೇ ನಿಂತಿತು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದಾಗಲೂ ಕೊಡಗು ಬ್ರಿಟಿಷರ ಬಳಿಯೇ ಉಳಿದು, ಬೆಂಗಳೂರಿನಲ್ಲಿದ್ದ ರೆಸಿಡೆಂಟನೇ ಅದರ ಮುಖ್ಯ ಕಮಿಷನರನಾದನು.

ನನ್ನ ಮನಸ್ಸು ನೋಯುವುದು ಘಟ್ಟದ ಕೆಳಗಿನವರನ್ನು ನೆನೆದಾಗ. ಅಮರ ಸುಳ್ಯ, ಪುತ್ತೂರುಗಳ ಜನರೂ ಹಾಲೇರಿ ಅರಸರ ಒಕ್ಕಲುಗಳೇ. ಆದರೆ ಅವರ ನೆಲವನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯ ಇನ್ನು ನಗದಿನಲ್ಲಿ ಸಲ್ಲಬೇಕೆಂದಾಯಿತು. ಕಣದಿಂದ ಭತ್ತವನ್ನಳೆದು ಕೊಟ್ಟು ಋಣ ತೀರಿಸುತ್ತಿದ್ದ ಒಕ್ಕಲಿಗನು, ರೂಪಾಯಿಗಾಗಿ ಅದೇ ಭತ್ತವನ್ನು ವ್ಯಾಪಾರಿ ಹೇಳಿದ ದರಕ್ಕೆ ಮಾರಬೇಕಾಯಿತು. ಆಚಾರಗಳನ್ನು ಮನ್ನಿಸುವೆವೆಂದ ಸರ್ಕಾರಕ್ಕೆ, ಕಂದಾಯ ಕೊಡುವ ರೀತಿಯೂ ಒಂದು ಆಚಾರವೆಂದು ತೋರದೆ ಹೋಯಿತೇ?

1837ರಲ್ಲಿ, ಹಾಲೇರಿ ವಂಶದವನೆನಿಸಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಸುಳ್ಯದ ರೈತರು ದಂಗೆಯೆದ್ದು, ಮಂಗಳೂರನ್ನು ಹಿಡಿದು ಬಾವುಟಗುಡ್ಡದಲ್ಲಿ ತಮ್ಮ ಧ್ವಜವನ್ನೇರಿಸಿದರು. ಅದು ಬಹುಕಾಲ ನಿಲ್ಲಲಿಲ್ಲ. ನಾಯಕರು ಗಲ್ಲಿಗೇರಿದರು, ದಂಗೆಯನ್ನಡಗಿಸಲು ನೆರವಾದ ಕೊಡವರಿಗೆ ಕಂಪನಿ ಪದಕಗಳನ್ನು ಹಂಚಿತು. ಮೂರು ವರ್ಷದ ಹಿಂದೆ ಒಬ್ಬನೇ ಅರಸನ ಪ್ರಜೆಗಳಾಗಿದ್ದವರು ಹೀಗೆ ಎದುರುಬದುರು ನಿಲ್ಲುವಂತಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು 1952ರಲ್ಲಿ ತನ್ನದೇ ಚುನಾಯಿತ ಶಾಸನಸಭೆಯನ್ನೂ ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲವನ್ನೂ ಪಡೆಯಿತು. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರಿನಲ್ಲಿ ವಿಲೀನವಾದಾಗ, ಮದರಾಸು ರಾಜ್ಯದಲ್ಲಿದ್ದ ಪುತ್ತೂರು, ಸುಳ್ಯಗಳೂ ದಕ್ಷಿಣ ಕನ್ನಡದೊಡನೆ ಅದೇ ದಿನ ಅದೇ ರಾಜ್ಯಕ್ಕೆ ಬಂದುವು. ಜಿಲ್ಲೆಯ ಗಡಿ ಮಾತ್ರ ಇಂದಿಗೂ ಸಂಪಾಜೆಯ ಬಳಿ ಕೊಡಗಿಗೂ ಸುಳ್ಯಕ್ಕೂ ನಡುವೆ ಹಾದುಹೋಗುತ್ತದೆ.